ಬರ್ಕ್ ಎಂಬ ಕ್ರಿಯಾಪದದ ಜಾಡು ಹಿಡಿದು: ನನ್ನ ಅನುಭವ

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸಂಸತ್ತಿನ ಚರ್ಚೆಗಳು, ಆ ಕಾಲದ ಪತ್ರಿಕೆಗಳ ಸಂಪಾದಕೀಯಗಳು, ಇಂಥವನ್ನು ಕನ್ನಡಕ್ಕೆ ತರುವ ಕೆಲಸ ನಾನು ಮಾಡುತ್ತೇನೆ. ಈ ಬರಹಗಳಲ್ಲಿ ಆಗಾಗ ತಲೆಹಾಕುವ ಒಂದು ಕ್ರಿಯಾಪದ ಇದೆ: ಬರ್ಕ್. ಪ್ರಶ್ನೆಯನ್ನು ಬರ್ಕ್ ಮಾಡಿದರು, ತನಿಖೆಯನ್ನು ಬರ್ಕ್ ಮಾಡಿದರು, ವರದಿಯನ್ನು ಬರ್ಕ್ ಮಾಡಿದರು. ಹೆಚ್ಚಾಗಿ ಇದು ಅಧಿಕಾರದಲ್ಲಿ ಇರುವವರ ಮೇಲೆ ಸಿಟ್ಟಿಗೆದ್ದವರ ಬಾಯಲ್ಲಿ ಬರುವ ಮಾತು. ಇವತ್ತಿನ ಇಂಗ್ಲಿಷಿನಲ್ಲಿ ಅಪರೂಪ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಈ ಪದ ಕಂಡರೆ ಒಂದು ಕ್ಷಣ ನಿಲ್ಲುತ್ತಾರೆ.

ನಿಘಂಟು ತೆಗೆದರೆ ಎರಡು ಅರ್ಥ ಸಿಗುತ್ತವೆ. ಒಂದು, ಗುರುತು ಉಳಿಯದ ಹಾಗೆ ಉಸಿರುಗಟ್ಟಿಸಿ ಕೊಲ್ಲುವುದು. ಇನ್ನೊಂದು, ಒಂದು ವಿಷಯ ಚರ್ಚೆಗೇ ಬಾರದಂತೆ ಸದ್ದಿಲ್ಲದೆ ಅದುಮಿಬಿಡುವುದು. ಮೂಲ: ಎಡಿನ್‌ಬರೋದಲ್ಲಿ 1829ರಲ್ಲಿ ಗಲ್ಲಿಗೇರಿದ ವಿಲಿಯಂ ಬರ್ಕ್ ಎಂಬ ಕೊಲೆಗಾರ. ಇಷ್ಟು ಗೊತ್ತಾದರೆ ವಾಕ್ಯವನ್ನು ಹೇಗೋ ದಾಟಿಸಬಹುದು. ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಕೊಲೆಗಾರನ ಹೆಸರು ಸಂಸತ್ತಿನ ಮಾತಾದದ್ದು ಹೇಗೆ? ಅವನ ಜೊತೆ ವಿಲಿಯಂ ಹೇರ್ ಅಂತ ಇನ್ನೊಬ್ಬ ಇದ್ದನಲ್ಲ, ಅವನ ಹೆಸರು ಯಾಕೆ ಕ್ರಿಯಾಪದ ಆಗಲಿಲ್ಲ? ಈ ಎರಡು ಪ್ರಶ್ನೆ ಇಟ್ಟುಕೊಂಡು ಹುಡುಕುತ್ತಾ ಹೋದೆ. ಎರಡಕ್ಕೂ ಉತ್ತರ ಒಂದೇ ಕಡೆ ಸಿಕ್ಕಿತು.

ಇಂಥ ಪದ ಎದುರಾದಾಗ ನಾನು ಮೊದಲು ನೋಡುವುದು ಅದರ ಮೂಲವನ್ನಲ್ಲ, ಕರ್ಮಪದವನ್ನು. ಏನನ್ನು ಬರ್ಕ್ ಮಾಡುತ್ತಾರೆ? ಬ್ರಿಟಿಷ್ ಸಂಸತ್ತಿನ ಚರ್ಚೆಗಳ ವರದಿಗೆ ಹ್ಯಾನ್ಸಾರ್ಡ್ ಅಂತ ಹೆಸರು. 1803ರಿಂದ ಮುಂದಿನದೆಲ್ಲ ಡಿಜಿಟಲ್ ರೂಪದಲ್ಲಿ ಸಿಗುತ್ತದೆ, ಪದ ಹಾಕಿ ಹುಡುಕಬಹುದು. ಸುಮ್ನೆ ಬರ್ಕ್ ಅಂತ ಹಾಕಿದರೆ ಆ ಹೆಸರಿನ ಮನುಷ್ಯರೇ ರಾಶಿ ಬೀಳುತ್ತಾರೆ. ಅದಕ್ಕೆ ಬರ್ಕ್ಡ್, ಬರ್ಕಿಂಗ್ ಎಂಬ ರೂಪಗಳನ್ನೇ ಹುಡುಕಬೇಕು. ಮನುಷ್ಯರ ಹೆಸರಿಗೆ ಆ ಪ್ರತ್ಯಯಗಳು ಹತ್ತುವುದಿಲ್ಲ ಅಲ್ವಾ, ಹಾಗಾಗಿ ಬಂದದ್ದೆಲ್ಲ ಕ್ರಿಯಾಪದವೇ.

ಹೀಗೆ ಒಟ್ಟು ಹಾಕಿದ ವಾಕ್ಯಗಳಲ್ಲಿ ಕರ್ಮಪದಗಳನ್ನಷ್ಟೇ ಬೇರೆ ಬರೆದುಕೊಂಡೆ. ಪ್ರಶ್ನೆ, ಚರ್ಚೆ, ತನಿಖೆ, ವರದಿ, ಮಸೂದೆ. ಎಲ್ಲವೂ ಹೊರಗೆ ಬಂದರೆ ಮಾತಾಡುವಂಥವು. ದಂಗೆಯನ್ನು ಬರ್ಕ್ ಮಾಡಿದರು, ಮುಷ್ಕರವನ್ನು ಬರ್ಕ್ ಮಾಡಿದರು ಎಂಬ ವಾಕ್ಯ ನನಗೆ ಸಿಗಲಿಲ್ಲ. ದಂಗೆ ಅಡಗಿಸುವುದು ಊರಿಗೆಲ್ಲ ಕಾಣುತ್ತದೆ. ಬರ್ಕ್ ಮಾಡುವುದು ಕಾಣಬಾರದು. ಈ ವ್ಯತ್ಯಾಸವನ್ನು ನಿಘಂಟಿನ ಒಂದು ಸಾಲಿನ ವಿವರಣೆ ಹೇಳುವುದಿಲ್ಲ. ವಾಕ್ಯಗಳನ್ನು ಸಾಲಾಗಿ ಇಟ್ಟು ಓದಿದಾಗ ಅದು ತಾನಾಗೇ ಎದ್ದು ಬರುತ್ತದೆ.

ಆಮೇಲೆ ಅಡ್ಡದಾರಿಗಳನ್ನು ಮುಚ್ಚುವ ಕೆಲಸ. ಈ ಪದಕ್ಕೆ ಅಂಥ ದಾರಿಗಳು ಜಾಸ್ತಿ.

ಸಂಸತ್ತು, ಬರ್ಕ್ ಅಂದ ತಕ್ಷಣ ಯಾರಿಗಾದರೂ ನೆನಪಾಗುವುದು ಎಡ್ಮಂಡ್ ಬರ್ಕ್. ಹದಿನೆಂಟನೇ ಶತಮಾನದ ದೊಡ್ಡ ವಾಗ್ಮಿ, ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗವನ್ನು ಮುನ್ನಡೆಸಿದವರು. ಅವರ ಉದ್ದುದ್ದ ಭಾಷಣಗಳಿಂದ ಎದುರಾಳಿಗಳ ಬಾಯಿ ಕಟ್ಟಿತು, ಅದಕ್ಕೇ ಈ ಪದ ಅಂತ ಒಂದು ಕತೆ ಕಟ್ಟುವುದು ಬಹಳ ಸುಲಭ. ತಾರೀಖು ಅದಕ್ಕೆ ಒಪ್ಪುವುದಿಲ್ಲ. ಎಡ್ಮಂಡ್ ಬರ್ಕ್ ತೀರಿಕೊಂಡದ್ದು 1797ರಲ್ಲಿ. ಕ್ರಿಯಾಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1829ರಲ್ಲಿ. ನಡುವಿನ ಮೂವತ್ತು ವರ್ಷ ಪದವೇ ಇಲ್ಲ.

ಇನ್ನೊಂದು ದಾರಿ ಬಾಕ್ ಎಂಬ ಪದದ್ದು. ಅದಕ್ಕೂ ಅಡ್ಡಿ ಮಾಡು, ತಪ್ಪಿಸು ಎಂಬ ಅರ್ಥ ಇದೆ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಆದರೆ ಅದರ ಬೇರು ಹೊಲದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಬಾಲ್ಕಾ ಅಂದರೆ ದಿಣ್ಣೆ, ಬದು. ಉಳುವಾಗ ಒಂದು ಪಟ್ಟಿಯನ್ನು ಉಳದೆ ಬಿಟ್ಟು ಮುಂದೆ ಹೋಗುವುದಕ್ಕೆ ಆ ಪದ ಬಳಕೆಗೆ ಬಂತು. ಅಲ್ಲಿಂದ ಬಿಟ್ಟುಬಿಡು, ತಪ್ಪಿಸು, ಅಡ್ಡಿಪಡಿಸು ಅಂತ ಬೆಳೆಯಿತು. ಬರ್ಕ್‌ಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಬ್ರಿಟನ್ನಿನ ಆಡುಮಾತಿನಲ್ಲಿ ದಡ್ಡ ಎಂಬ ಅರ್ಥದ ಒಂದು ಬೈಗುಳವೂ ಹೆಚ್ಚು ಕಡಿಮೆ ಇದೇ ಸದ್ದಿನದು. ಅದು ನಾಮಪದ, ಅದರ ಹುಟ್ಟೇ ಬೇರೆ. ಅಲ್ಲಿಗೆ ಅದನ್ನು ಬಿಡಬಹುದು.

ಈಗ ಎಡಿನ್‌ಬರೋಗೆ ಬರೋಣ. ಇಲ್ಲಿ ನಾನು ಜಾಸ್ತಿ ಹೊತ್ತು ನಿಂತೆ, ಯಾಕೆಂದರೆ ಪದದ ಜೀವ ಇರುವುದು ಇಲ್ಲೇ.

1820ರ ದಶಕದ ಎಡಿನ್‌ಬರೋ ಅಂಗರಚನಾ ಶಾಸ್ತ್ರ ಕಲಿಯುವವರ ಊರು. ಕಲಿಯಲು ಹೆಣ ಬೇಕು. 1752ರ ಕೊಲೆ ಕಾಯ್ದೆ ಪ್ರಕಾರ ಕೊಲೆಗಾಗಿ ಗಲ್ಲಿಗೇರಿದವರ ದೇಹಗಳು ಛೇದನಕ್ಕೆ ಸಿಗುತ್ತಿದ್ದವು. ಅವು ಏನೇನೂ ಸಾಲುತ್ತಿರಲಿಲ್ಲ. ಹಾಗಾಗಿ ಹೊಸ ಗೋರಿ ಅಗೆದು ಹೆಣ ಕದ್ದು ಮಾರುವ ದಂಧೆ ಬೆಳೆದಿತ್ತು. ಜನ ಸ್ಮಶಾನಗಳಲ್ಲಿ ಕಾವಲು ಗೋಪುರ ಕಟ್ಟಿದರು, ಗೋರಿಗಳ ಮೇಲೆ ಕಬ್ಬಿಣದ ಪಂಜರ ಹಾಕಿದರು. ಈಗಲೂ ಸ್ಕಾಟ್ಲೆಂಡಿನ ಕೆಲವು ಹಳೆಯ ಸ್ಮಶಾನಗಳಲ್ಲಿ ಅವು ಉಳಿದಿವೆ.

ಬರ್ಕ್ ಮತ್ತು ಹೇರ್ ಇಬ್ಬರೂ ಐರ್ಲೆಂಡಿನ ಉತ್ತರ ಭಾಗದಿಂದ ಕೂಲಿಗೆ ಬಂದವರು. ವೆಸ್ಟ್ ಪೋರ್ಟ್ ಎಂಬಲ್ಲಿನ ಟ್ಯಾನರ್ಸ್ ಕ್ಲೋಸ್ ಗಲ್ಲಿಯಲ್ಲಿ ಹೇರ್ ಮತ್ತು ಅವನ ಜೊತೆಗಾತಿ ನಡೆಸುತ್ತಿದ್ದ ಬಾಡಿಗೆ ಕೋಣೆಗಳಿದ್ದವು. 1827ರ ನವೆಂಬರಿನಲ್ಲಿ ಅಲ್ಲಿದ್ದ ಡೊನಾಲ್ಡ್ ಎಂಬ ಮುದಿ ಮಾಜಿ ಸೈನಿಕ ಕಾಯಿಲೆಯಿಂದ ಸತ್ತ. ಹೇರ್‌ಗೆ ನಾಲ್ಕು ಪೌಂಡ್ ಬಾಡಿಗೆ ಬಾಕಿ ಇತ್ತು. ಶವಪೆಟ್ಟಿಗೆಯಿಂದ ಹೆಣ ತೆಗೆದು, ಅದರ ಬದಲು ಚರ್ಮ ಹದ ಮಾಡುವ ಮರದ ತೊಗಟೆ ತುಂಬಿ, ಪೆಟ್ಟಿಗೆಯನ್ನು ಹೂಳಲು ಕೊಟ್ಟರು. ಹೆಣವನ್ನು ಸರ್ಜನ್ಸ್ ಸ್ಕ್ವೇರ್‌ನಲ್ಲಿ ಪಾಠ ಮಾಡುತ್ತಿದ್ದ ಡಾ. ರಾಬರ್ಟ್ ನಾಕ್ಸ್ ಅವರ ಶಾಲೆಗೆ ಮಾರಿದರು. ಸಿಕ್ಕಿದ್ದು 7 ಪೌಂಡ್ 10 ಶಿಲ್ಲಿಂಗ್. ಬಾಕಿ ತೀರಿತು, ಮೇಲೆ ಲಾಭವೂ ಬಂತು.

ಅಲ್ಲಿಂದ ಮುಂದೆ ಅವರು ಸಾವಿಗೆ ಕಾಯಲಿಲ್ಲ. 1828ರ ಅಕ್ಟೋಬರ್ ಕೊನೆಯ ಹೊತ್ತಿಗೆ ಹದಿನಾರು ಜನರನ್ನು ಕೊಂದು ಮಾರಿದರು. ಬಡವರು, ಒಂಟಿ ಹೆಂಗಸರು, ದಾರಿಹೋಕರು. ಕುಡಿಸಿ ಮತ್ತೇರಿಸುವುದು, ಒಬ್ಬ ಮೈಮೇಲೆ ಬಿದ್ದು ಎದೆ ಅಲುಗದಂತೆ ಒತ್ತುವುದು, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ಚೂರಿಯ ಗಾಯ ಇಲ್ಲ, ಕುತ್ತಿಗೆಯಲ್ಲಿ ಹಗ್ಗದ ಗುರುತಿಲ್ಲ. ಇದು ಕೇವಲ ಕ್ರೌರ್ಯದ ರೀತಿ ಅಲ್ಲ, ವ್ಯಾಪಾರದ ಲೆಕ್ಕ. ಗಾಯವಾದ ಹೆಣ ತಂದರೆ ಕೊಳ್ಳುವವರು ಪ್ರಶ್ನೆ ಕೇಳುತ್ತಾರೆ. ಗುರುತಿಲ್ಲದ ಹೆಣದ ಬಗ್ಗೆ ಯಾರೂ ಕೇಳುವುದಿಲ್ಲ.

ನನ್ನ ಪದದ ಅರ್ಥ ಇಲ್ಲಿ ಕೈಗೆ ಸಿಕ್ಕಿತು. ಉಸಿರುಗಟ್ಟಿಸುವುದಕ್ಕೆ ಇಂಗ್ಲಿಷಿನಲ್ಲಿ ಆಗಲೇ ಬೇರೆ ಪದಗಳಿದ್ದವು, ಹೊಸದು ಬೇಕಿರಲಿಲ್ಲ. ಹೊಸ ಪದ ಹುಟ್ಟಿದ್ದು ಗುರುತು ಉಳಿಸದೆ ಮುಗಿಸುವುದಕ್ಕೆ. ಪ್ರಶ್ನೆಯೇ ಏಳದಂತೆ ಮಾಡುವುದು ಆ ಕೊಲೆಯ ಮೂಲ ಉದ್ದೇಶವೇ ಆಗಿತ್ತು. ಸಂಸತ್ತಿನಲ್ಲಿ ಪ್ರಶ್ನೆಯನ್ನು ಬರ್ಕ್ ಮಾಡುವುದಕ್ಕೆ ಅದು ಬಹಳ ದೂರ ನಡೆಯಬೇಕಾಗಿರಲಿಲ್ಲ.

ಇನ್ನು ಹೇರ್ ಯಾಕೆ ಕ್ರಿಯಾಪದ ಆಗಲಿಲ್ಲ ಎಂಬುದು. ಇದಕ್ಕೆ ಮೊಕದ್ದಮೆಯ ವಿವರಗಳನ್ನು ಓದಬೇಕಾಯಿತು.

ಕೊನೆಗೆ ಸತ್ತವಳು ಮಾರ್ಗರೆಟ್ ಡಾಕರ್ಟಿ, 1828ರ ಅಕ್ಟೋಬರ್ 31ರ ರಾತ್ರಿ. ಬರ್ಕ್ ಮನೆಯಲ್ಲಿ ತಂಗಿದ್ದ ಗ್ರೇ ದಂಪತಿ ಮರುದಿನ ಹಾಸಿಗೆಯ ಹುಲ್ಲಿನ ಕೆಳಗೆ ಹೆಣ ಕಂಡು ಪೊಲೀಸರಿಗೆ ತಿಳಿಸಿದರು. ಬಾಯಿ ಮುಚ್ಚಿಸಲು ದುಡ್ಡಿನ ಆಸೆ ತೋರಿಸಿದರೂ ಅವರು ಬಗ್ಗಲಿಲ್ಲ. ಅಷ್ಟರಲ್ಲಿ ಹೆಣ ನಾಕ್ಸ್ ಶಾಲೆ ಸೇರಿತ್ತು, ಅಲ್ಲಿಂದ ಪೊಲೀಸರು ಹಿಡಿದರು. ಪರೀಕ್ಷಿಸಿದವರಲ್ಲಿ ರಾಬರ್ಟ್ ಕ್ರಿಸ್ಟಿಸನ್ ಇದ್ದರು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ನ್ಯಾಯಶಾಸ್ತ್ರದ ಪ್ರಾಧ್ಯಾಪಕರು. ಸತ್ತ ಮೇಲೆ ಆಗುವ ಪೆಟ್ಟಿಗೂ ಬದುಕಿದ್ದಾಗ ಆದ ಪೆಟ್ಟಿಗೂ ವ್ಯತ್ಯಾಸ ಏನೆಂದು ತಿಳಿಯಲು ಅವರು ಪ್ರಯೋಗವನ್ನೂ ಮಾಡಿದರು. ಉಸಿರುಗಟ್ಟಿ ಸತ್ತಿರಬಹುದು ಅನ್ನುವಷ್ಟಕ್ಕೆ ವೈದ್ಯರು ಬಂದರು. ಖಂಡಿತ ಕೊಲೆಯೇ ಅಂತ ಹೇಳಲು ದೇಹದಲ್ಲಿ ಸಾಕ್ಷಿ ಇರಲಿಲ್ಲ. ಉಳಿದ ಹದಿನೈದು ದೇಹಗಳಂತೂ ಛೇದನದ ಮೇಜಿನ ಮೇಲೆ ಎಂದೋ ಮುಗಿದಿದ್ದವು.

ಸಾಕ್ಷಿ ಇಲ್ಲದ ಕಾರಣ ಸರ್ಕಾರಿ ಪಕ್ಷ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯಬೇಕಾಯಿತು. ಹೇರ್ ಮಾಫಿ ಸಾಕ್ಷಿಯಾದ. ಡಿಸೆಂಬರ್ 24ರ ಬೆಳಗ್ಗೆ ಶುರುವಾದ ವಿಚಾರಣೆ ರಾತ್ರಿಯಿಡೀ ನಡೆದು ಕ್ರಿಸ್‌ಮಸ್ ಬೆಳಗ್ಗೆ ಮುಗಿಯಿತು. ಬರ್ಕ್ ತಪ್ಪಿತಸ್ಥ ಅಂತ ತೀರ್ಪು ಬಂತು, ಅದೂ ಡಾಕರ್ಟಿಯ ಕೊಲೆಗೆ ಮಾತ್ರ. ಅವನ ಜೊತೆಗಾತಿ ಹೆಲೆನ್ ಮೆಕ್‌ಡೂಗಲ್ ಮೇಲಿನ ಆರೋಪಕ್ಕೆ ಸ್ಕಾಟ್ಲೆಂಡಿನ ಕಾನೂನಿನಲ್ಲಿದ್ದ ಮೂರನೇ ತೀರ್ಪು, ಸಾಬೀತಾಗಿಲ್ಲ. 1829ರ ಜನವರಿ 28ರಂದು ಲಾನ್‌ಮಾರ್ಕೆಟ್‌ನಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿದರು. ಅವನ ದೇಹವನ್ನೂ ವಿಶ್ವವಿದ್ಯಾಲಯದಲ್ಲಿ ಛೇದಿಸಿದರು. ಅಸ್ಥಿಪಂಜರ ಇವತ್ತಿಗೂ ಅಲ್ಲಿನ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿದೆ. ಹೇರ್ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಊರು ಬಿಟ್ಟ. ಸತ್ತವರಲ್ಲಿ ಜೇಮ್ಸ್ ವಿಲ್ಸನ್ ಎಂಬ ಹುಡುಗ ಇದ್ದ, ಬುದ್ಧಿ ಸ್ವಲ್ಪ ಮಂದ, ಬೀದಿಯವರಿಗೆಲ್ಲ ಬೇಕಾದವನು. ಅವನ ತಾಯಿ ಮತ್ತು ತಂಗಿ ಹೇರ್ ಮೇಲೆ ತಾವೇ ಮೊಕದ್ದಮೆ ಹೂಡಲು ನೋಡಿದರು. ನ್ಯಾಯಾಲಯ ಒಪ್ಪಲಿಲ್ಲ. ನಾಕ್ಸ್ ಮೇಲೆ ಯಾವ ಕೇಸೂ ಆಗಲಿಲ್ಲ.

ನೋಡಿ, ಸಂಗತಿ ಹೀಗೆ ಕೂಡಿ ಬರುತ್ತದೆ. ಕೊಲೆ ಗುರುತು ಬಿಡಲಿಲ್ಲ. ಗುರುತು ಇಲ್ಲದ್ದರಿಂದ ಸಾಕ್ಷಿ ಬೇಕಾಯಿತು. ಸಾಕ್ಷಿಗಾಗಿ ಹೇರ್‌ನನ್ನು ಬಿಟ್ಟರು. ಹಾಗಾಗಿ ಗಲ್ಲುಗಂಬದ ಕೆಳಗೆ ಸೇರಿದ ಜನರ ಎದುರು ಬರ್ಕ್ ಒಬ್ಬನೇ ನಿಂತ. ಪದಕ್ಕೆ ಅರ್ಥ ಕೊಟ್ಟದ್ದೂ ಹೆಸರು ಕೊಟ್ಟದ್ದೂ ಆ ಒಂದೇ ಗುಣ, ಗುರುತು ಉಳಿಯದಿರುವುದು. ಇದು ಸಿಕ್ಕಾಗ ನನಗೆ ಆದ ಸಂತೋಷ ದೊಡ್ಡದು. ಪದಗಳ ಮೂಲ ಹುಡುಕುವಾಗ ಹೆಸರು ಒಂದು ಕಡೆ, ಅರ್ಥ ಇನ್ನೊಂದು ಕಡೆ ಇರುವುದೇ ಜಾಸ್ತಿ. ಇಲ್ಲಿ ಎರಡೂ ಒಂದೇ ಬೇರಿನಿಂದ ಬಂದಿವೆ.

ಇನ್ನೊಂದು ವಿವರ ನನ್ನನ್ನು ಬಹಳ ಕಾಡಿತು. ಜೈಲಿನಲ್ಲಿ ಬರ್ಕ್ ಕೊಟ್ಟ ತಪ್ಪೊಪ್ಪಿಗೆ ಹೇಳಿಕೆ ಇದೆ. ಅಬಿಗೇಲ್ ಸಿಂಪ್ಸನ್ ಎಂಬ ಮುದುಕಿಯ ಕೊಲೆಯನ್ನು ಅದರಲ್ಲಿ ವಿವರಿಸುತ್ತಾನೆ. ಅವಳ ಮೂಗು ಬಾಯಿ ಮುಚ್ಚಿದ ಕೈ ಹೇರ್‌ನದು. ಬರ್ಕ್ ಮೈಮೇಲೆ ಅಡ್ಡ ಬಿದ್ದವನು. ಆ ಮಾತು ನಿಜವಾದರೆ, ಈ ಕ್ರಿಯಾಪದ ಹೇಳುವ ಕೆಲಸವನ್ನು ಅಲ್ಲಿ ಮಾಡಿದವನು ಬೇರೆಯವನು. ಭಾಷೆ ಸಾಕ್ಷಿ ವಿಚಾರಣೆ ಮಾಡುವುದಿಲ್ಲ. ನ್ಯಾಯಾಲಯ ಯಾರನ್ನು ಮುಂದೆ ನಿಲ್ಲಿಸಿತೋ ಅವನ ಹೆಸರನ್ನೇ ಜನ ಎತ್ತಿಕೊಂಡರು.

ಎತ್ತಿಕೊಂಡದ್ದು ನಿಜಕ್ಕೂ ಜನರೇ. ಗಲ್ಲಿನ ದಿನ ಸೇರಿದ ಗುಂಪು, ಇಪ್ಪತ್ತು ಸಾವಿರಕ್ಕೂ ಮೇಲೆ ಅಂತ ಅಂದಾಜು, 'ಬರ್ಕ್ ಹಿಮ್, ಬರ್ಕ್ ಹಿಮ್' ಅಂತ ಕೂಗಿತು. ಅವನನ್ನೂ ಹಾಗೇ ಕೊಲ್ಲಿ, ಹಗ್ಗ ಬೇಡ ಎಂಬ ಅರ್ಥದಲ್ಲಿ. ಕೆಲವೇ ದಿನಗಳಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಈ ಕೂಗನ್ನು ವರದಿ ಮಾಡಿತು. ಕ್ರಿಯಾಪದದ ಮೊದಲ ದಾಖಲೆಗಳಲ್ಲಿ ಅದೂ ಒಂದು. ಪದವೊಂದು ಹುಟ್ಟಿದ ಕಾಲ, ಜಾಗ ಇಷ್ಟು ಹತ್ತಿರದಿಂದ ಸಿಗುವುದು ಅಪರೂಪ.

ಮನುಷ್ಯರ ಹೆಸರಿನಿಂದ ಆದ ಬೇರೆ ಕ್ರಿಯಾಪದಗಳ ಜೊತೆ ಇದನ್ನು ಇಟ್ಟು ನೋಡಿದೆ. ಪಾಶ್ಚರೈಸ್, ಮೆಸ್ಮರೈಸ್, ಬೌಡ್ಲರೈಸ್. ಇವಕ್ಕೆಲ್ಲ ಕೊನೆಯಲ್ಲಿ ಐಸ್ ಎಂಬ ಪ್ರತ್ಯಯ ಇದೆ. ಬರ್ಕ್, ಬಾಯ್ಕಾಟ್, ಲಿಂಚ್, ಇವಕ್ಕೆ ಏನೂ ಇಲ್ಲ, ಹೆಸರೇ ಕ್ರಿಯಾಪದ. ಪ್ರತ್ಯಯ ಇರುವವು ಓದಿದವರು ಬರೆದು ಮಾಡಿದವು, ಬರಿ ಹೆಸರಿನವು ಜನ ಬಾಯಲ್ಲಿ ಮಾಡಿದವು ಅಂತ ನನ್ನ ಅನಿಸಿಕೆ. ಇದು ನಿಯಮ ಅಲ್ಲ. ಆದರೂ ಹೊಸ ಪದ ಎದುರಾದಾಗ ಮೂಲವನ್ನು ಪುಸ್ತಕದಲ್ಲಿ ಹುಡುಕಬೇಕೋ ಬೀದಿಯಲ್ಲಿ ಹುಡುಕಬೇಕೋ ಅನ್ನುವುದಕ್ಕೆ ನಾನು ಇದನ್ನು ಮೊದಲ ಸುಳಿವು ಮಾಡಿಕೊಳ್ಳುತ್ತೇನೆ. ಬಾಯ್ಕಾಟ್ 1880ರಲ್ಲಿ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಹುಟ್ಟಿತು. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬ ಜಮೀನು ಏಜೆಂಟನ ಜೊತೆ ರೈತರು ಮಾತು, ಕೆಲಸ, ವ್ಯಾಪಾರ ಎಲ್ಲ ನಿಲ್ಲಿಸಿದರು. ಆ ಪದ ಲೋಕವೆಲ್ಲ ಸುತ್ತಿತು, ಕನ್ನಡಕ್ಕೂ ಬಂತು. ಬರ್ಕ್ ಹಾಗೆ ಹರಡಲಿಲ್ಲ. ಬಾಯ್ಕಾಟ್ ಜನರಿಗೆ ತಾವೇ ಮಾಡಬಹುದಾದ ಕೆಲಸವೊಂದನ್ನು ಕೊಟ್ಟಿತು. ಬರ್ಕ್ ಬೇರೆಯವರ ಮೇಲೆ ಹೊರಿಸುವ ಆರೋಪ ಮಾತ್ರ. 'ನಾವು ಬರ್ಕ್ ಮಾಡೋಣ' ಅಂತ ಯಾವ ಗುಂಪೂ ಘೋಷಣೆ ಕೂಗುವುದಿಲ್ಲ.

ಅರ್ಥ ಹೇಗೆ ಹಿಗ್ಗಿತು ಅನ್ನುವುದಕ್ಕೆ 1831ರ ಲಂಡನ್ ಪ್ರಕರಣ ಒಳ್ಳೆಯ ಸಾಕ್ಷಿ. ಜಾನ್ ಬಿಷಪ್, ಥಾಮಸ್ ವಿಲಿಯಮ್ಸ್ ಎಂಬಿಬ್ಬರು ಒಬ್ಬ ಹುಡುಗನ ಹೆಣವನ್ನು ಕಿಂಗ್ಸ್ ಕಾಲೇಜಿಗೆ ಮಾರಲು ತಂದರು. ಅಲ್ಲಿನವರಿಗೆ ಅನುಮಾನ ಬಂತು, ಇಬ್ಬರೂ ಸಿಕ್ಕಿಬಿದ್ದರು, ಡಿಸೆಂಬರಿನಲ್ಲಿ ಗಲ್ಲಾಯಿತು. ಅವರು ಮೂಗು ಬಾಯಿ ಮುಚ್ಚಿ ಕೊಂದಿರಲಿಲ್ಲ. ಮದ್ಯದಲ್ಲಿ ಅಫೀಮಿನ ದ್ರಾವಣ ಬೆರೆಸಿ ಕುಡಿಸಿ, ಬಾವಿಯಲ್ಲಿ ತಲೆಕೆಳಗಾಗಿ ಇಳಿಸಿದ್ದರು. ಆದರೂ ಜನ ಅವರನ್ನು ಕರೆದದ್ದು ಲಂಡನ್ ಬರ್ಕರ್‌ಗಳು ಅಂತ. ಅಂದರೆ ಎರಡೇ ವರ್ಷದಲ್ಲಿ ಕೈಯಿಂದ ಮುಚ್ಚುವ ಭಾಗ ಕಳಚಿಬಿದ್ದು, ಹೆಣ ಮಾರಲು ಕೊಲ್ಲುವುದು ಎಂಬ ಅರ್ಥ ಸೇರಿಕೊಂಡಿತ್ತು. ಈ ಭಯವೇ ಮುಂದೆ 1832ರ ಅಂಗರಚನಾ ಕಾಯ್ದೆಗೆ ದಾರಿ ಮಾಡಿತು. ವಾರಸುದಾರರು ಕೇಳದ ದೇಹಗಳನ್ನು, ಅಂದರೆ ಹೆಚ್ಚಾಗಿ ಬಡವರ ಆಶ್ರಯಾಲಯಗಳಲ್ಲಿ ಸತ್ತವರನ್ನು, ಶಾಲೆಗಳಿಗೆ ಕೊಡಬಹುದು ಅಂತಾಯಿತು. ಹೆಣದ ವ್ಯಾಪಾರ ನಿಂತಿತು. ಆದರೆ ಭಾರ ಬಿದ್ದದ್ದು ಮತ್ತೆ ಬಡವರ ಮೇಲೆಯೇ. ಇದನ್ನು ಓದುವಾಗ ನನಗೆ ಬೇಜಾರಾಯಿತು.

1837ರಲ್ಲಿ ಚಾರ್ಲ್ಸ್ ಡಿಕನ್ಸ್ ತಮ್ಮ ಪಿಕ್‌ವಿಕ್ ಪೇಪರ್ಸ್‌ನಲ್ಲಿ ಈ ಕ್ರಿಯಾಪದವನ್ನು ಯಾವ ವಿವರಣೆಯೂ ಇಲ್ಲದೆ ಪಾತ್ರದ ಬಾಯಲ್ಲಿ ಹಾಕುತ್ತಾರೆ. ಓದುಗರಿಗೆ ಅಷ್ಟು ಪರಿಚಿತವಾಗಿತ್ತು. ದೊಡ್ಡಕ್ಷರದ ವಿಷಯವನ್ನೂ ನೋಡಿಕೊಳ್ಳಬೇಕು. ಮೊದಮೊದಲು ಹೆಸರಿನ ಹಾಗೆ ದೊಡ್ಡಕ್ಷರದಲ್ಲಿ ಅಚ್ಚಾಗುತ್ತಿತ್ತು, ಬರಬರುತ್ತಾ ಸಣ್ಣಕ್ಷರಕ್ಕೆ ಇಳಿಯಿತು. ದೊಡ್ಡಕ್ಷರ ಹೋದಾಗ ಮನುಷ್ಯ ಮರೆತ, ಪದ ಉಳಿಯಿತು ಅಂತ ಅರ್ಥ. ನಾನು ಅನುವಾದಿಸುವ ಬರಹ ಯಾವ ಹಂತದ್ದು ಅಂತ ತಿಳಿಯಲು ಈ ಸಣ್ಣ ಗುರುತು ಸಹಾಯ ಮಾಡುತ್ತದೆ. 1830ರ ದಶಕದ ಓದುಗನಿಗೆ ಈ ಪದದಲ್ಲಿ ಹೆಣ ಕಾಣುತ್ತಿತ್ತು. ಶತಮಾನದ ಕೊನೆಯ ಓದುಗನಿಗೆ ಬಹುಶಃ ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಏನು ಬಳಸುವುದು? ತಿಪ್ಪೆ ಸಾರಿಸು ಎಂಬುದು ಮೊದಲು ನಾಲಿಗೆಗೆ ಬರುತ್ತದೆ. ಆದರೆ ಅದು ಆಗಿಹೋದ ಹೊಲಸಿನ ಮೇಲೆ ಚೊಕ್ಕ ಮಾಡಿ ತೋರಿಸುವುದು. ಬರ್ಕ್ ವಿಷಯ ಏಳುವ ಮೊದಲೇ ಮುಗಿಸುವುದು. ಹತ್ತಿಕ್ಕು ಅಂದರೆ ಬಲ ಕಣ್ಣಿಗೆ ಕಾಣುತ್ತದೆ. ತನಿಖೆಯ ಮಾತು ಬಂದಾಗ ಮುಚ್ಚಿಹಾಕು ಚೆನ್ನಾಗಿ ಕೂಡುತ್ತದೆ. ಪ್ರಶ್ನೆ, ಚರ್ಚೆ ಇದ್ದಲ್ಲಿ ಸೊಲ್ಲಡಗಿಸು ನನಗೆ ಇಷ್ಟ. 1830, 40ರ ದಶಕದ ಭಾಷಣಗಳಲ್ಲಿ, ಕೊಲೆಯ ನೆನಪು ಇನ್ನೂ ಹಸಿಯಾಗಿದ್ದ ಕಡೆ, ಉಸಿರಡಗಿಸು ಅಂತ ಹಾಕುತ್ತೇನೆ. 'ಪ್ರಶ್ನೆ ಎದ್ದೇಳುವ ಮೊದಲೇ ಅದರ ಉಸಿರಡಗಿಸಿದರು' ಅಂದರೆ ಆಡಿದವನ ಸಿಟ್ಟು, ಮಾಡಿದವರ ಗುಟ್ಟು ಎರಡೂ ಬರುತ್ತವೆ. ಬರ್ಕ್ ಎಂಬ ಹೆಸರನ್ನು ವಾಕ್ಯದೊಳಗೆ ತರುವುದಿಲ್ಲ. ಬೇಕಾದರೆ ಅಡಿಟಿಪ್ಪಣಿ ಇದೆ. ಅಲ್ಲಿ ಬರ್ಕ್ ಹೆಸರಿನ ಜೊತೆ ಸತ್ತವರಲ್ಲಿ ಹೆಸರು ಗೊತ್ತಿರುವವರನ್ನೂ ಬರೆಯುತ್ತೇನೆ: ಮಾರ್ಗರೆಟ್ ಡಾಕರ್ಟಿ, ಜೇಮ್ಸ್ ವಿಲ್ಸನ್, ಮೇರಿ ಪ್ಯಾಟರ್ಸನ್, ಅಬಿಗೇಲ್ ಸಿಂಪ್ಸನ್. ಪದ ಅವರನ್ನು ನೆನೆಯುವುದಿಲ್ಲ, ಟಿಪ್ಪಣಿಯಾದರೂ ನೆನೆಯಲಿ ಅಂತ.

ಪದದ ಮೊದಲ ಅರ್ಥ ಪೂರ್ತಿ ಸತ್ತಿಲ್ಲ ಅನ್ನುವುದನ್ನೂ ಹೇಳಬೇಕು. ವಿಧಿವಿಜ್ಞಾನದ ವೈದ್ಯಕೀಯ ಪಠ್ಯಗಳಲ್ಲಿ ಬರ್ಕಿಂಗ್ ಇವತ್ತಿಗೂ ಪಾರಿಭಾಷಿಕ ಪದ. ಮೂಗು ಬಾಯಿ ಮುಚ್ಚುವುದು, ಎದೆಯ ಮೇಲೆ ಭಾರ ಹಾಕುವುದು, ಎರಡೂ ಸೇರಿದ ಕೊಲೆಗೆ ಆ ಹೆಸರು. ವೈದ್ಯಕೀಯ ಬರಹ ಅನುವಾದಿಸುವವರು ಅದನ್ನು ಬರ್ಕಿಂಗ್ ಅಂತಲೇ ಉಳಿಸಿ ವಿವರಣೆ ಕೊಡುವುದು ಒಳ್ಳೆಯದು. ಅಲ್ಲಿ ಮುಚ್ಚಿಹಾಕು ಅಂತ ಬರೆದರೆ ಕೆಟ್ಟುಹೋಗುತ್ತದೆ. ಗೊತ್ತುಮಾಡಲು ಸುಲಭದ ದಾರಿ ಕರ್ಮಪದವೇ. ಮನುಷ್ಯ ಇದ್ದರೆ ಮೊದಲ ಅರ್ಥ, ಮಾತು ಇದ್ದರೆ ಎರಡನೆಯದು.